ನ್ಯೂಯಾರ್ಕ್‌ನ ಫಸ್ಟ್ ಹೌಸಸ್: ದುರಸ್ತಿಯೋ, ಹೊಸ ನಿರ್ಮಾಣವೋ?

ಪ್ರಶ್ನೆ: ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಮ್ಯಾನ್‌ಹ್ಯಾಟನ್‌ನಲ್ಲಿ ರೂಪುಗೊಂಡ ಫಸ್ಟ್ ಹೌಸಸ್ ವಸತಿ ಸಮುಚ್ಚಯವು ಹಳೆಯ ಕಟ್ಟಡಗಳ ದುರಸ್ತಿಯೇ ಅಥವಾ ಹೊಸ ನಿರ್ಮಾಣವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1: ಮೂಲ ಯೋಜನೆ ದುರಸ್ತಿಯದೇ ಆಗಿತ್ತು. ಒತ್ತೊತ್ತಾಗಿದ್ದ ಬಾಡಿಗೆ ವಠಾರಗಳಲ್ಲಿ ಪ್ರತಿ ಮೂರನೆಯದನ್ನು ಕೆಡವಿ ಉಳಿದವುಗಳಿಗೆ ಗಾಳಿ, ಬೆಳಕು ಒದಗಿಸಬೇಕೆಂದಿದ್ದರು. ಆದರೆ ಹಳೆಯ ಗೋಡೆಗಳು ತೀರಾ ದುರ್ಬಲವೆಂದು ಕಂಡುಬಂದದ್ದರಿಂದ ಬಹುಪಾಲನ್ನು ಹೊಸದಾಗಿಯೇ ಕಟ್ಟಬೇಕಾಯಿತು. 1935ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಇಲ್ಲಿನ ಮನೆಗಳು 122 ಮಾತ್ರ. ಆದರೂ ಬಿಸಿನೀರು, ಸ್ವಂತ ಸ್ನಾನಗೃಹ ಅಲ್ಲಿನ ಬಡವರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಉತ್ತರ 2: ಕಾನೂನಿನ ಅಂಶವನ್ನೂ ಸೇರಿಸಬೇಕು. ಮುಲ್ಲರ್ ಎಂಬ ಮಾಲೀಕರು ತಮ್ಮ ಕಟ್ಟಡಗಳ ಸ್ವಾಧೀನವನ್ನು ಪ್ರಶ್ನಿಸಿದಾಗ, ಕೊಳೆಗೇರಿ ನಿರ್ಮೂಲನೆಯು ಸಾರ್ವಜನಿಕ ಉದ್ದೇಶವೇ ಎಂದು ರಾಜ್ಯದ ಅತ್ಯುಚ್ಚ ನ್ಯಾಯಾಲಯ 1936ರಲ್ಲಿ ತೀರ್ಪಿತ್ತಿತು. ನನ್ನ ದೃಷ್ಟಿಯಲ್ಲಿ ಕಟ್ಟಡಗಳಿಗಿಂತಲೂ ಆ ತೀರ್ಪೇ ದೊಡ್ಡದು.

ಉತ್ತರ 3: ನಗರವು 1974ರಲ್ಲಿ ಇದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು.