ಹಳೆಯ ಕಂಪ್ಯೂಟರನ್ನು ಬದಲಿಸಬೇಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದ ಹೊಣೆ ಮೂರು ತಿಂಗಳ ಹಿಂದೆ ನನ್ನ ಪಾಲಿಗೆ ಬಂತು. ಲೋಹದ ತಗಡು ಕತ್ತರಿಸುವ ದೊಡ್ಡ ಯಂತ್ರವನ್ನು 1995ರ ಕಂಪ್ಯೂಟರ್ ಒಂದು ನಡೆಸುತ್ತಿದೆ. ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆ, ಫ್ಲಾಪಿ ಡಿಸ್ಕ್, ಎಲ್ಲವೂ ಹಾಗೆಯೇ ಇವೆ. ಅದು ಕೆಟ್ಟರೆ ಇಡೀ ವಿಭಾಗ ನಿಲ್ಲುತ್ತದೆ. ಬದಲಿಸೋಣ ಎಂದರೆ ಮೇಲಿನವರು ‘ನಡೆಯುತ್ತಿದೆಯಲ್ಲ, ಕೈ ಹಚ್ಚಬೇಡಿ’ ಎನ್ನುತ್ತಾರೆ. ಇಂಥದ್ದನ್ನು ಎದುರಿಸಿದವರು ಏನು ಮಾಡಿದಿರಿ?

ಯಂತ್ರ ನಿರ್ವಹಣೆಯಲ್ಲಿರುವವರು: ಮೇಲಿನವರ ಮಾತನ್ನು ತಳ್ಳಿಹಾಕಬೇಡಿ. ಆ ಕಂಪ್ಯೂಟರನ್ನು ಯಂತ್ರದ ಬಿಡಿಭಾಗವೆಂದೇ ಎಣಿಸಿ. ಯಂತ್ರದ ಕಬ್ಬಿಣ ಮೂವತ್ತು ನಲವತ್ತು ವರ್ಷ ಬಾಳುತ್ತದೆ, ಅದರ ಜೊತೆಗೆ ಬಂದ ಕಂಪ್ಯೂಟರೂ ಅಷ್ಟೇ ಕಾಲ ಏಗಬೇಕಾಗುತ್ತದೆ. ಯಂತ್ರಕ್ಕೆ ಆಜ್ಞೆ ಕೊಡುವುದು ಬಹುಶಃ ಒಂದು ಐಎಸ್‌ಎ ಕಾರ್ಡ್ (ಕಂಪ್ಯೂಟರಿನೊಳಗೆ ಸಿಕ್ಕಿಸುವ ಹಳೆಯ ಬಗೆಯ ಫಲಕ). ಈಗಿನ ಸಾಮಾನ್ಯ ಮದರ್‌ಬೋರ್ಡ್‌ಗಳಲ್ಲಿ ಅದನ್ನು ಸಿಕ್ಕಿಸುವ ಸ್ಲಾಟ್ ಇಲ್ಲ.

ನಾವೂ ಒಮ್ಮೆ ಬದಲಿಸಲು ಹೊರಟಿದ್ದೆವು. ಐಎಸ್‌ಎ ಸ್ಲಾಟ್ ಇರುವ, ಹೆಚ್ಚು ವೇಗದ ಪೆಂಟಿಯಂ ಕಂಪ್ಯೂಟರ್ ಹುಡುಕಿ ತಂದು ಪ್ರೋಗ್ರಾಮ್ ಹಾಕಿದರೆ, ತೆರೆದ ಕ್ಷಣವೇ ‘ರನ್‌ಟೈಮ್ ಎರರ್ 200’ ಎಂಬ ದೋಷ ಸಂದೇಶ. ಎರಡು ದಿನ ಕೇಬಲ್, ಮೆಮೊರಿ, ಕಾರ್ಡ್ ಎಲ್ಲವನ್ನೂ ಶಂಕಿಸಿದೆವು. ತೊಡಕು ಇದ್ದದ್ದು ವೇಗದಲ್ಲೇ. ಟರ್ಬೊ ಪ್ಯಾಸ್ಕಲ್ ಎಂಬ ಆ ಕಾಲದ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಬಹಳಷ್ಟು ಪ್ರೋಗ್ರಾಮ್‌ಗಳು ಆರಂಭದಲ್ಲಿ ಪ್ರೊಸೆಸರ್‌ನ ವೇಗವನ್ನು ಅಳೆಯುತ್ತವೆ. ಪ್ರೊಸೆಸರ್ ತೀರಾ ವೇಗವಾದರೆ ಆ ಲೆಕ್ಕದ ಉತ್ತರ ಅದಕ್ಕೆ ಮೀಸಲಿಟ್ಟ 16 ಬಿಟ್‌ಗಳ ಜಾಗದಲ್ಲಿ ಹಿಡಿಸದೆ ಪ್ರೋಗ್ರಾಮ್ ಅಲ್ಲೇ ನಿಂತುಬಿಡುತ್ತದೆ. ತಿದ್ದುವ ದಾರಿ ಇದೆ, ನಿಜ. ಆದರೆ ಪ್ರೋಗ್ರಾಮಿನ ಮೂಲ ಸಂಕೇತ (ಸೋರ್ಸ್ ಕೋಡ್) ಯಾರ ಬಳಿಯೂ ಇರಲಿಲ್ಲ, ಮನುಷ್ಯರ ಕೈ ಸಮೀಪದಲ್ಲೇ ಅಲಗು ಓಡುವ ಯಂತ್ರದಲ್ಲಿ ಪ್ರಯೋಗ ಮಾಡಲು ನನಗೆ ಮನಸ್ಸು ಬರಲಿಲ್ಲ. ನಿಧಾನದ ಹಳೆಯ ಬೋರ್ಡನ್ನೇ ಮರಳಿ ಕೂರಿಸಿದೆವು.

ನಿಮಗೆ ನನ್ನ ಸಲಹೆ: ಕಂಪ್ಯೂಟರನ್ನು ಬಂದ್ ಮಾಡುವ ಮೊದಲು ಪ್ರೋಗ್ರಾಮ್ ಮತ್ತು ಹೊಂದಾಣಿಕೆಯ ಕಡತಗಳನ್ನು ಹೊರಗೆ ನಕಲು ಮಾಡಿಕೊಳ್ಳಿ. ವರ್ಷಗಟ್ಟಲೆ ಬಿಡುವಿಲ್ಲದೆ ತಿರುಗಿದ ಹಾರ್ಡ್‌ಡಿಸ್ಕ್ ಒಮ್ಮೆ ತಣ್ಣಗಾದರೆ ಮತ್ತೆ ತಿರುಗದೇ ಹೋಗಬಹುದು. ಬಯಾಸ್‌ನಲ್ಲಿರುವ (ಕಂಪ್ಯೂಟರ್ ಚಾಲೂ ಆದಾಗ ಮೊದಲು ಓಡುವ ತಂತ್ರಾಂಶ) ಸಿಲಿಂಡರ್, ಹೆಡ್, ಸೆಕ್ಟರ್ ಎಂಬ, ಡಿಸ್ಕ್‌ನ ಅಳತೆ ಹೇಳುವ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ. ಒಳಗಿನ ಬ್ಯಾಟರಿ ಸತ್ತರೆ ಅವು ಅಳಿಸಿಹೋಗುತ್ತವೆ, ಆಗ ಡಿಸ್ಕ್ ಸರಿಯಿದ್ದರೂ ಕಂಪ್ಯೂಟರ್‌ಗೆ ಅದು ಕಾಣುವುದಿಲ್ಲ. ಆಮೇಲೆ ಡಿಸ್ಕ್‌ನ ಪೂರ್ಣ ಪ್ರತಿಯನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಮೆಮೊರಿ ಕಾರ್ಡಿಗೆ ಇಳಿಸಿ, ಅಡಾಪ್ಟರ್ ಮೂಲಕ ಜೋಡಿಸಿ ನೋಡಿ. ಅದೇ ಮಾದರಿಯ ಇನ್ನೊಂದು ಬೋರ್ಡ್, ಪವರ್ ಸಪ್ಲೈ ಸಿಕ್ಕರೆ ಕೊಂಡಿಡಿ. ಈಗಿರುವುದರಲ್ಲಿನ ಕೆಪಾಸಿಟರ್‌ಗಳು (ವಿದ್ಯುತ್ ಹಿಡಿದಿಡುವ ಬಿಡಿಭಾಗಗಳು) ಹಳತಾಗಿ ಒಣಗಿರಬಹುದು.

ಆಸ್ಪತ್ರೆಯ ಉಪಕರಣಗಳನ್ನು ನೋಡಿಕೊಳ್ಳುವವರು: ನಮ್ಮಲ್ಲಿ ಅಡ್ಡಿ ಅನುಮೋದನೆಯದು. ಉಪಕರಣ ಮತ್ತು ಕಂಪ್ಯೂಟರ್ ಒಟ್ಟಿಗೆ ಪರೀಕ್ಷೆಗೊಳಗಾಗಿ ಅನುಮತಿ ಪಡೆದಿರುತ್ತವೆ. ತಯಾರಕರ ಒಪ್ಪಿಗೆಯಿಲ್ಲದೆ ನಾವು ಏನನ್ನೂ ಬದಲಿಸುವುದಿಲ್ಲ. ಮಾಡಿದ್ದು ಒಂದೇ ಕೆಲಸ: ಜಾಲದಿಂದ ಅವನ್ನು ಪೂರ್ತಿ ಬೇರ್ಪಡಿಸಿದೆವು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿ ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳುಹಿಸಿದ್ದನ್ನು ನೋಡಿದ ಮೇಲೆ ಅದಕ್ಕೆ ಯಾರೂ ತಕರಾರು ಎತ್ತಲಿಲ್ಲ.

ಬ್ಯಾಂಕಿಂಗ್ ತಂತ್ರಾಂಶದವರು: ಬದಲಾವಣೆ ಎಂದೊಡನೆ ನಮ್ಮವರು ಏಕೆ ಹೆದರುತ್ತಾರೆ ಎಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸಾಕು. 2018ರ ಏಪ್ರಿಲ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಸಾಗಿಸಿದರು. ಮಾಹಿತಿ ಸುರಕ್ಷಿತವಾಗಿ ತಲುಪಿತು, ವ್ಯವಸ್ಥೆಯೇ ಕುಸಿಯಿತು. ಸರಿಹೋಗಲು ತಿಂಗಳುಗಳು ಹಿಡಿದವು. 2022ರಲ್ಲಿ ಬಿದ್ದ ದಂಡ ಸುಮಾರು 4.87 ಕೋಟಿ ಪೌಂಡ್.

ವಿಮಾನ ನಿಲ್ದಾಣದ ತಾಂತ್ರಿಕ ವಿಭಾಗದವರು: ಆ ಭಯವನ್ನೇ ನೆಪ ಮಾಡಿಕೊಂಡು ಕೂರುವುದನ್ನು ನಾನು ಒಪ್ಪುವುದಿಲ್ಲ. 2015ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಲ್ಲಿ ಪೈಲಟ್‌ಗಳಿಗೆ ಹವಾಮಾನ ಮಾಹಿತಿ ಕೊಡುವ ವ್ಯವಸ್ಥೆ ಮಂಜಿನ ದಿನವೇ ಕೈಕೊಟ್ಟು ವಿಮಾನಗಳು ನಿಂತವು. ಅದು ತೀರಾ ಹಳೆಯ ವಿಂಡೋಸ್ 3.1 ಮೇಲೆ ನಡೆಯುತ್ತಿತ್ತು. ಇಂಥ ವ್ಯವಸ್ಥೆ ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ, ಬಿಡಿಭಾಗಕ್ಕಿಂತ ಮೊದಲು ಮುಗಿದುಹೋಗುವುದು ಅವರ ತಿಳಿವಳಿಕೆ. ಅಮೆರಿಕದ ಅಣ್ವಸ್ತ್ರ ಪಡೆಗಳಿಗೆ ಸಂದೇಶ ರವಾನಿಸುವ ವ್ಯವಸ್ಥೆಯಲ್ಲಿ 8 ಇಂಚಿನ ಫ್ಲಾಪಿಗಳಿದ್ದವು. 2019ರಲ್ಲಿ ಅವನ್ನು ತೆಗೆದು ತಿರುಗುವ ಭಾಗಗಳಿಲ್ಲದ ಘನಸ್ಥಿತಿಯ (ಸಾಲಿಡ್ ಸ್ಟೇಟ್) ಸಂಗ್ರಹ ಸಾಧನ ಹಾಕಿದರು. ನೀವೂ ಹಾಗೆಯೇ ತುಂಡುತುಂಡಾಗಿ ಬದಲಿಸಿ. ನಿಮ್ಮ ಯಂತ್ರವನ್ನು ಮೊದಲಿನಿಂದ ಬಲ್ಲ ಹಿರಿಯರು ಇನ್ನೂ ಇದ್ದರೆ, ನಾಳೆಯೇ ಹೋಗಿ ಪಕ್ಕದಲ್ಲಿ ಕೂತು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ಕಡತಗಳನ್ನು ನಕಲು ಮಾಡಿಕೊಂಡು, ರಜೆಯ ದಿನ ಯಂತ್ರ ಬಂದ್ ಮಾಡಿ ಪೆಟ್ಟಿಗೆ ತೆರೆದೆ. ಮುಚ್ಚಳದ ಒಳಮೈಗೆ ಹಳದಿಯಾದ ಚೀಟಿಯೊಂದು ಅಂಟಿಕೊಂಡಿತ್ತು. ಸಿಲಿಂಡರ್, ಹೆಡ್, ಸೆಕ್ಟರ್ ಮೂರನ್ನೂ ಯಾರೋ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು, ಕೆಳಗೆ ತಾರೀಖೂ ಇದೆ. ಆ ಅಕ್ಷರ ಯಾರದೆಂದು ಸೋಮವಾರ ವಿಚಾರಿಸುತ್ತೇನೆ.