ವೀನಸ್ ಫ್ಲೈಟ್ರಾಪ್ ಕಪ್ಪಾಗುತ್ತಿದೆ, ಮಣ್ಣಿನದೇ ತಪ್ಪಾ?

ಹಿತ್ತಲು_ಮೈಸೂರು:
ಆರು ವಾರದ ಹಿಂದೆ ತರಿಸಿದ, ಹುಳ ಹಿಡಿದು ತಿನ್ನುವ ಗಿಡ. ಬಂದಾಗ ಚೆನ್ನಾಗಿಯೇ ಇತ್ತು. ಗುಲಾಬಿಗೆ ಬೆರೆಸುವ ಹಾಗೆ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಹಿಡಿ ಎರೆಗೊಬ್ಬರ ಹಾಕಿ ಮಣ್ಣಿನ ಕುಂಡಕ್ಕೆ ಬದಲಿಸಿದೆ. ನೀರು ಬೋರ್‌ವೆಲ್‌ದು. ಈಗ ಹುಳ ಹಿಡಿಯುವ ಬಾಯಿಗಳೆಲ್ಲ ಒಂದೊಂದಾಗಿ ಕಪ್ಪಾಗುತ್ತಿವೆ. ಹೊಸ ಎಲೆ ಬಂದೇ ಇಲ್ಲ. ಮಗಳು ಶಾಲೆಯಿಂದ ಬಂದ ತಕ್ಷಣ ಮೊದಲು ಅದನ್ನೇ ನೋಡುತ್ತಾಳೆ, ಹೇಗಾದರೂ ಉಳಿಸಬೇಕು.

ನೊಣಬಾಕ:
ಹಳೆಯ ಬಾಯಿ ಕಪ್ಪಾಗುವುದು ಸಹಜ. ಹೊಸ ಎಲೆ ಬರದಿರುವುದೇ ಚಿಂತೆ. ಇವತ್ತೇ ಕಿತ್ತು ನೋಡಿ. ಬುಡದ ಗಡ್ಡೆ ಬಿಳಿಯಾಗಿ ಗಟ್ಟಿಯಾಗಿದ್ದರೆ ಗಿಡ ಬದುಕಿದೆ.

ಈ ಗಿಡದ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ. ಅಲ್ಲಿ ಅದು ಬೆಳೆಯುವುದು ಸಾರವೇ ಇಲ್ಲದ, ಹುಳಿ ಗುಣದ, ಸದಾ ಒದ್ದೆಯಾಗಿರುವ ಮರಳು ನೆಲದಲ್ಲಿ, ಅದಕ್ಕೇ ಹುಳ ಹಿಡಿದು ಎಲೆಯಿಂದ ಊಟ ಮಾಡುವುದನ್ನು ಕಲಿತಿದೆ, ಬೇರಿಗೆ ಗೊಬ್ಬರ ತಾಗಿದರೆ ಸುಟ್ಟು ಹೋಗುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ಹಾಸಿನ ಮೇಲೆ ಬೆಳೆಯುವ, ಹುಳ ಹಿಡಿಯುವ ಡ್ರೊಸೆರಾ ಕೂಡ ಹಾಗೇ, ಬಡ ನೆಲದ ಗಿಡ.

ಸ್ಫ್ಯಾಗ್ನಮ್ ಪೀಟ್ (ಜೌಗಿನಲ್ಲಿ ಅರೆ ಕೊಳೆತ ಪಾಚಿ) ಒಂದು ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಚೂರು) ಒಂದು ಪಾಲು. ಅಷ್ಟೇ ಸಾಕು. ಆದರೆ ಪೀಟ್ ಚೀಲದ ಹಿಂಬದಿ ಪೂರ್ತಿ ಓದಿ, ಎನ್‌ಪಿಕೆ (ಗೊಬ್ಬರ) ಅಂತಲೋ ಸುಣ್ಣ ಸೇರಿಸಿದೆ ಅಂತಲೋ ಇದ್ದರೆ ಬೇಡವೇ ಬೇಡ. ಪರ್ಲೈಟ್ ಒದ್ದೆ ಮಾಡಿಯೇ ಬಳಸಿ, ಅದರ ದೂಳು ಉಸಿರಿಗೆ ಹೋಗಬಾರದು. ಪರ್ಲೈಟ್ ಬದಲು ಮರಳು ಹಾಕುವುದಾದರೆ ಒಂದು ಚಮಚ ಮರಳಿಗೆ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣ ಇದೆ. ಕುಂಡ ಪ್ಲಾಸ್ಟಿಕ್‌ದೇ ಇರಲಿ.

ಮಣ್ಣು ಬದಲಿಸಿ ಮತ್ತೆ ಬೋರ್ ನೀರು ಹಾಕಿದರೆ ಎಲ್ಲಾ ವ್ಯರ್ಥ. ಮಳೆ ನೀರು ಅಥವಾ ಆರ್‌ಒ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 50ರ ಒಳಗೆ. ಕೆಲವು ಆರ್‌ಒ ಯಂತ್ರಗಳು ರುಚಿಗೆ ಅಂತ ಖನಿಜ ಸೇರಿಸುತ್ತವೆ, ಆದ್ದರಿಂದ ಟಿಡಿಎಸ್ ಮೀಟರ್ ಅದ್ದಿ ನೋಡಿ. ಕುಂಡದ ಕೆಳಗೆ ತಟ್ಟೆ ಇಟ್ಟು ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸಿ.

ಹಿತ್ತಲು_ಮೈಸೂರು:
ಪೀಟ್ ತುಂಬಾ ದುಬಾರಿ ಅಲ್ವಾ? ಕೋಕೋಪೀಟನ್ನೇ ಚೆನ್ನಾಗಿ ತೊಳೆದು ಬಳಸಬಹುದಾ?

ಮಲೆನಾಡ_ಹಸಿರು:
ಬಳಸಬಹುದು, ತಾಳ್ಮೆ ಬೇಕು. ಅದರಲ್ಲಿ ಉಪ್ಪು ಜಾಸ್ತಿ. ಆರ್‌ಒ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಆ ನೀರಿಗೆ ಮೀಟರ್ ಇಡಿ. ನನ್ನ ಕೋಕೋಪೀಟ್ ಇಟ್ಟಿಗೆ ಮೊದಲ ಸಲ 1,100 ತೋರಿಸಿತ್ತು, 40ಕ್ಕೆ ಇಳಿಯಲು ಆರು ಸಲ ತೊಳೆಯಬೇಕಾಯಿತು. 'ಬಫರ್ಡ್' ಅಂತ ಬರೆದಿರುವುದನ್ನು ತರಬೇಡಿ, ಅದಕ್ಕೆ ಸಾಮಾನ್ಯವಾಗಿ ಕ್ಯಾಲ್ಸಿಯಂ ನೈಟ್ರೇಟ್ ಹಾಕಿರುತ್ತಾರೆ. ಆದರೆ ಇದು ಈಗಾಗಲೇ ಸೊರಗಿದ ಗಿಡ, ಇದಕ್ಕೆ ಮಾತ್ರ ಪೀಟ್ ತರಿಸಿ. ಒಂದು ಕುಂಡಕ್ಕೆ ಎಷ್ಟು ತಾನೇ ಬೇಕು ಹೇಳಿ.

ತಾರಸಿ_ತೋಟ:
ನನ್ನ ಹತ್ತಿರ ಹೂಜಿ ಗಿಡ ಇದೆ, ನೆಪೆಂಥಿಸ್. ಅದಕ್ಕೂ ಇದೇನಾ?

ನೊಣಬಾಕ:
ಅಲ್ಲ. ಅದರ ಬೇರಿಗೆ ಗಾಳಿ ಬೇಕು. ಉದ್ದ ನಾರಿನ ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್, ಆರ್ಕಿಡ್‌ಗೆ ಹಾಕುವ ತೊಗಟೆ ಚೂರು ಬೆರೆಸಿ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ.

ಹಿತ್ತಲು_ಮೈಸೂರು:
ಕಿತ್ತು ನೋಡಿದೆ. ಬೇರು ಅರ್ಧ ಕರಗಿದೆ, ಗಡ್ಡೆ ಬಿಳಿಯಾಗಿ ಗಟ್ಟಿಯಾಗಿಯೇ ಇದೆ! ಪೀಟ್ ಶನಿವಾರ ಬರುತ್ತದೆ. ಅಲ್ಲಿವರೆಗೆ ಹೇಗೆ ಇಡಲಿ?

ನೊಣಬಾಕ:
ಮಳೆ ನೀರಲ್ಲಿ ಹಳೇ ಮಣ್ಣು ಪೂರ್ತಿ ಹೋಗುವ ಹಾಗೆ ತೊಳೆಯಿರಿ. ಒದ್ದೆ ಟಿಶ್ಯೂನಲ್ಲಿ ಸುತ್ತಿ ಡಬ್ಬಿಯೊಳಗೆ ನೆರಳಲ್ಲಿಡಿ. ಮೂರ್ನಾಲ್ಕು ದಿನ ತಡೆಯುತ್ತದೆ. ನೆಟ್ಟ ಮೇಲೆ ಒಂದು ಫೋಟೋ ಹಾಕಿ.