ವಿಜಯಪುರಕ್ಕೆ ವರ್ಗವಾಗಿ ಬಂದಿದ್ದೇನೆ, ಚಳಿಗಾಲದ ಭಾನುವಾರ ಏನು ಮಾಡೋದು?

ತುಮಕೂರಿನವ:
ಬ್ಯಾಂಕ್ ಕೆಲಸ. ಸೆಪ್ಟೆಂಬರಿನಲ್ಲಿ ತುಮಕೂರಿನಿಂದ ಇಲ್ಲಿಗೆ ವರ್ಗವಾಯಿತು. ಬರುವಾಗ ಎಲ್ಲರೂ ಬಿಸಿಲಿನ ಹೆದರಿಕೆ ಹಾಕಿದ್ದರು. ಈಗ ನೋಡಿದರೆ ಡಿಸೆಂಬರ್ ಬೆಳಗ್ಗೆ ನಲ್ಲಿ ನೀರು ಮುಟ್ಟಲು ಆಗುತ್ತಿಲ್ಲ! ಒಬ್ಬನೇ ಇದ್ದೇನೆ. ಗೋಳಗುಮ್ಮಟ ಎರಡು ಸಲ ಹತ್ತಿದೆ, ಇಬ್ರಾಹಿಂ ರೋಜಾ ನೋಡಿದೆ, ಬಾರಾ ಕಮಾನಿನಲ್ಲಿ ಫೋಟೊ ತೆಗೆದುಕೊಂಡೆ. ಉಳಿದ ಭಾನುವಾರವೆಲ್ಲ ರೂಮಿನಲ್ಲಿ ಮೊಬೈಲ್ ಉಜ್ಜುತ್ತಾ ಕೂರುವುದೇ ಆಗಿದೆ. ಈ ಊರಿನವರು ಚಳಿಗಾಲದಲ್ಲಿ ಏನು ಮಾಡುತ್ತಾರೆ? ಸಂಕ್ರಾಂತಿಗೆ ದೊಡ್ಡ ಜಾತ್ರೆ ಅಂತಾರೆ. ಹೊರಗಿನವರು ಸುಮ್ನೆ ಹೋಗಿ ನಿಂತರೆ ನಡೆಯುತ್ತಾ?

ಐದು ಕಿಲೋಮೀಟರ್:
ಡಿಸೆಂಬರಿನಲ್ಲಿ ವೃಕ್ಷಥಾನ್ ಓಟ ಇರುತ್ತದೆ. ಈ ಸಲದ್ದು ತಪ್ಪಿದ್ದರೆ ಮುಂದಿನ ವರ್ಷಕ್ಕೆ ಈಗಿನಿಂದಲೇ ಓಡಿ. ನಾನು ಐದು ಕಿಲೋಮೀಟರಿನಲ್ಲಿ ಮೂರು ನಡೆದೆ, ಯಾರೂ ಏನೂ ಅನ್ನಲಿಲ್ಲ.

ಗುಡಿ ಹಿಂದಿನ ಓಣಿಯವಳು:
ನಡೆಯುತ್ತಾ ಅಂತ ಕೇಳುತ್ತೀರಲ್ಲ, ನಿಂತರೆ ಕೈ ಹಿಡಿದು ಊಟಕ್ಕೆ ಕೂರಿಸುತ್ತಾರೆ. ನಾನು ಸಿಂದಗಿ ಕಡೆಯವಳು. ಮದುವೆಯಾಗಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಬಂದು ಇಪ್ಪತ್ತಾರು ವರ್ಷವಾಯಿತು.

ನೀವು ಕಾರ್ಯಕ್ರಮ ಹುಡುಕುತ್ತಿದ್ದೀರಿ. ಇಲ್ಲಿ ಚಳಿಗಾಲ ಅಂದರೆ ಮನೆ ಮುಂದಿನ ಕಟ್ಟೆ. ವರ್ಷವೆಲ್ಲ ಬಿಸಿಲಿಗೆ ಬೈಯುವ ಜನ ಈಗ ಬಿಸಿಲು ಎಲ್ಲಿ ಬಿದ್ದಿದೆ ನೋಡಿ ಅಲ್ಲಿಗೇ ಹೋಗಿ ಕೂರುತ್ತಾರೆ. ನಮ್ಮ ಓಣಿಯಲ್ಲಿ ಎಂಟು ಗಂಟೆಗೆ ಒಂದು ಬದಿಯ ಕಟ್ಟೆ ತುಂಬಿರುತ್ತದೆ. ಹತ್ತಾಯಿತೋ, ಚುರುಗುಟ್ಟುತ್ತದೆ ಅಂತ ಅದೇ ಜನ ಎದುರಿನ ಕಟ್ಟೆಯ ನೆರಳಿಗೆ. ಯಾರೋ ಹಸಿ ಕಡಲೆಯ ಸುಲಗಾಯಿ ಬಿಡಿಸುತ್ತಾ ಕೂತಿರುತ್ತಾರೆ. ನೀವೂ ಪಕ್ಕದಲ್ಲಿ ಕೂತು ಒಂದು ಹಿಡಿ ಬಿಡಿಸಿ. ಬೆರಳಿಗೆ ಹುಳಿ ಹತ್ತುತ್ತದೆ, ನೆಕ್ಕಿದರೆ ಚೆನ್ನಾಗಿರುತ್ತದೆ. ನಾಲ್ಕು ದಿನ ಹೀಗೆ ಕೂತರೆ ಎಳ್ಳ ಅಮಾವಾಸ್ಯೆಗೆ ಯಾರದಾದರೂ ಹೊಲಕ್ಕೆ ನಿಮ್ಮನ್ನೂ ಕರೆಯುತ್ತಾರೆ. ಅವತ್ತು ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗ ಚೆಲ್ಲಿ (ಒಯ್ದ ಅಡುಗೆಯನ್ನೇ ಭೂಮಿತಾಯಿಗೆ ಎಡೆ ಅಂತ ಹೊಲದಲ್ಲಿ ಎರಚುವುದು), ಅಲ್ಲೇ ಕೂತು ಉಣ್ಣುವುದು. ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮಧ್ಯಾಹ್ನದ ಮೇಲೆ ಕೆಲಸ ಇಟ್ಟುಕೊಳ್ಳಬೇಡಿ, ಆಗಲ್ಲ.

ಆಮೇಲೆ ಸೀತನಿ. ಬಿಳಿಜೋಳದ ತೆನೆ ಹಾಲು ತುಂಬಿದಾಗ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ ಊದುತ್ತಾರೆ. ಹೊಟ್ಟು ಹಾರಿ ಹಸಿರು ಕಾಳು ಉಳಿಯುತ್ತದೆ. ಶೇಂಗಾ ಚಟ್ನಿ, ಗಟ್ಟಿ ಮೊಸರು, ಬೆಲ್ಲದ ಜೊತೆ ತಿನ್ನಬೇಕು. ಕೆಲವೇ ದಿನದ ಆಟ ಅದು, ಕಾಳು ಬಲಿತರೆ ಮುಗಿಯಿತು. ಹೋಟೆಲಿನಲ್ಲಿ ಕೇಳಬೇಡಿ, ಹೊಲ ಇದ್ದವರ ಸ್ನೇಹ ಮಾಡಿ.

ನಮ್ಮ ಸಿದ್ಧೇಶ್ವರ ಗುಡಿಯ ಸಂಕ್ರಾಂತಿ ಜಾತ್ರೆಗೆ ಬರೋಣ. ನಂದಿಕೋಲಿನ ಮೆರವಣಿಗೆ, ರಾತ್ರಿ ಮದ್ದು ಸುಡುವುದು, ಇವೆಲ್ಲ ಹೇಗೂ ನೋಡುತ್ತೀರಿ. ಊರ ಪಕ್ಕದ ತೊರವಿಯಲ್ಲಿ ಇದೇ ಹೊತ್ತಿಗೆ ಸೇರುವ ದನದ ಜಾತ್ರೆ ಮಾತ್ರ ಬಿಡಬೇಡಿ. ಬೆಳಗ್ಗೆ ಹೊತ್ತೇರುವ ಮುಂಚೆ ಹೋಗಿ. ಕಿಲಾರಿ ಎತ್ತುಗಳು ಸಾಲಾಗಿ ನಿಂತಿರುತ್ತವೆ, ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು. ಕೊಳ್ಳುವವರು ವಯಸ್ಸು ತಿಳಿಯಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಎಲ್ಲಾ ಹಲ್ಲು ಬಂದು ಬಾಯಿಗೂಡಿದ್ದು. ಹಗ್ಗ, ಗೆಜ್ಜೆ, ಗೊಂಡೆ, ಬಾರುಕೋಲಿನ ಅಂಗಡಿಗಳೂ ಇರುತ್ತವೆ. ಎತ್ತಿಲ್ಲದ ನಾನೂ ಒಂದು ಸಲ ಗೆಜ್ಜೆಸರ ಕೊಂಡು ತಂದೆ. ಬಾಗಿಲಿಗೆ ಕಟ್ಟಿದ್ದೇನೆ.

ಹಳೆಯ ದಲಾಲರು ಸಿಕ್ಕರೆ ಟವೆಲ್ ವ್ಯಾಪಾರ ನೋಡಬಹುದು. ಇಬ್ಬರ ಕೈ ಮೇಲೆ ಒಂದು ಟವೆಲ್. ಒಳಗೆ ಬೆರಳು ಹಿಡಿದು ರೇಟು ಹೇಳುವುದು. ಎರಡು ಬೆರಳು ಹಿಡಿದರೆ ಎರಡು, ಅದು ಸಾವಿರವೋ ಹತ್ತು ಸಾವಿರವೋ ಅವರಿಗೆ ಗೊತ್ತು. ಸುತ್ತ ನಿಂತವರಿಗೆ ತಿಳಿಯಬಾರದು. ಮುಖದಲ್ಲಂತೂ ಏನೂ ಕಾಣಬಾರದು. ನಾನು ಎಂಟು ವರ್ಷದವಳಿದ್ದಾಗ ಅಪ್ಪನ ಜೊತೆ ಬಂದಿದ್ದೆ. ಒಳಗೆ ಏನಿದೆ ಅಂತ ಟವೆಲ್ ಎತ್ತಿಬಿಟ್ಟೆ. ವ್ಯಾಪಾರ ಮುರಿಯಿತು. ಅಪ್ಪ ಸಿಂದಗಿ ಮುಟ್ಟುವ ತನಕ ನನ್ನ ಜೊತೆ ಮಾತಾಡಲಿಲ್ಲ, ಆ ಎತ್ತಿನ ಜೋಡಿಯ ಮಾತು ಮಾತ್ರ ಸಾಯುವವರೆಗೆ ಆಡಿದ. ನೀವು ದೂರ ನಿಂತು ನೋಡಿ, ಅಷ್ಟೇ.

ಬೈಕ್ ಕಳಕೊಂಡವ:
ಅಕ್ಕ ಎಲ್ಲಾ ಹೇಳಿದ್ದಾರೆ. ಮದ್ದು ಸುಡುವ ದಿನ ಬೈಕ್ ಒಯ್ಯಬೇಡಿ, ನಡೆದು ಹೋಗಿ. ಹೋದ ವರ್ಷ ಮದ್ದು ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ನಾನು ಬೈಕ್ ಹುಡುಕಿದೆ. ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ ಇತ್ತು, ಅದರ ಮುಂದೆ ಒಂದು ಬೆಂಡು ಬತ್ತಾಸಿನ ಅಂಗಡಿ ಎದ್ದಿತ್ತು.

ಗುಮ್ಮಟ ಮೂರನೇ ಸಲ ಹತ್ತುವುದಾದರೆ ಬಾಗಿಲು ತೆರೆದ ಕೂಡಲೇ ಹೋಗಿ. ಈ ತಿಂಗಳು ಶಾಲೆ ಪ್ರವಾಸದ ಬಸ್ಸುಗಳ ಸುಗ್ಗಿ. ಪಿಸುಗುಟ್ಟಿದ್ದು ಆಚೆ ಗೋಡೆಗೆ ಕೇಳುವ ಜಾಗದಲ್ಲಿ ಇನ್ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಹೇಗಿರುತ್ತದೆ ಅಂತ ಯೋಚಿಸಿ. ಇನ್ನೊಂದು, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ಆ ದಿನಕ್ಕೆ ಆಶ್ರಮದಲ್ಲಿ ಗುರುನಮನ ಇರುತ್ತದೆ. ಜೇಬೇ ಇಲ್ಲದ ಅಂಗಿ ತೊಡುತ್ತಿದ್ದವರು, ಪದ್ಮಶ್ರೀ ಬೇಡ ಅಂದವರು. ಭಕ್ತಿ ಇರಲಿ ಬಿಡಲಿ, ಆ ಜನವನ್ನು ನೋಡಲಿಕ್ಕಾದರೂ ಹೋಗಿ.

ತುಮಕೂರಿನವ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಮನೆ ಮಾಲೀಕರ ಕಟ್ಟೆಯಲ್ಲಿ ಹೋಗಿ ಕೂತೆ. ಅಜ್ಜಿ ಏನೂ ಕೇಳದೆ ಸುಲಗಾಯಿಯ ಬುಟ್ಟಿ ನನ್ನ ಕಡೆ ತಳ್ಳಿದರು. ಅರ್ಧ ಬಿಡಿಸಿದೆ, ಅರ್ಧ ತಿಂದೆ. ಭೋಗಿ ದಿನ ಸಜ್ಜೆ ರೊಟ್ಟಿ ಊಟಕ್ಕೆ ಬಾ ಅಂದಿದ್ದಾರೆ. ಬರಿಗೈಯಲ್ಲಿ ಹೋಗಬಹುದಾ?

ಗುಡಿ ಹಿಂದಿನ ಓಣಿಯವಳು:
ಬೇಡ. ಡಬ್ಬಿ ಒಯ್ಯಿರಿ, ದೊಡ್ಡದು. ಖಾಲಿ ಇದ್ದದ್ದು.